ಉಣುಗಿನ ಎಂಜಲು ಮತ್ತು ಮಲೆನಾಡಿನ ಲಸಿಕೆ

ಸೊಳ್ಳೆ ಕಚ್ಚಿದ ಜಾಗಕ್ಕೆ ಒಂದಿಷ್ಟು ಎಂಜಲು ಹಚ್ಚಿ ಉಜ್ಜುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ರೂಢಿ. ತಟ್ಟೆಯ ಎಂಜಲು, ಲೋಟದ ಎಂಜಲು ಎಂದು ಮಡಿ ಮಾಡುವ ಅಜ್ಜಿ ಕೂಡ ಮೊಮ್ಮಗನ ತೋಳಿನ ದದ್ದಿಗೆ ತನ್ನ ಎಂಜಲು ಸವರಲು ಹಿಂದೆಮುಂದೆ ನೋಡುವುದಿಲ್ಲ. ತಮಾಷೆಯೆಂದರೆ ಆ ದದ್ದು ಎದ್ದಿರುವುದೂ ಎಂಜಲಿನಿಂದಲೇ. ರಕ್ತ ಹೀರುವಾಗ ಸೊಳ್ಳೆ ಚರ್ಮದೊಳಗೆ ತನ್ನ ಜೊಲ್ಲನ್ನು ಬಿಡುತ್ತದೆ. ತುರಿಕೆ, ಕೆಂಪು, ಊತ ಇವೆಲ್ಲ ಸೂಜಿಯಂಥ ಬಾಯಿ ಚುಚ್ಚಿದ್ದರ ಫಲವಲ್ಲ. ಅನ್ಯರ ಜೊಲ್ಲು ಒಳಗೆ ಬಂದಿತೆಂದು ನಮ್ಮ ಮೈ ಎಬ್ಬಿಸುವ ಗದ್ದಲ ಅದು.

ಈ ಜೊಲ್ಲಿಗೆ ರೋಗಗಳ ಇತಿಹಾಸದಲ್ಲಿ ದೊಡ್ಡ ಪಾತ್ರವಿದೆ. ಹಿಂದೆ ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಹೊಟ್ಟೆಯಲ್ಲಿದ್ದದ್ದು ಇನ್ನೊಬ್ಬರ ರಕ್ತಕ್ಕೆ ಹೇಗೆ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ಆಗ ಉಳಿದಿತ್ತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಾಸ ಮಾಡುವಾಗ ಅದಕ್ಕೂ ಉತ್ತರ ಸಿಕ್ಕಿತು. ಪರೋಪಜೀವಿಗಳು ಹೊಟ್ಟೆಯಿಂದ ಹೊರಟು ಸೊಳ್ಳೆಯ ಜೊಲ್ಲುಗ್ರಂಥಿಗಳಲ್ಲಿ ಬಂದು ಕಾದು ಕುಳಿತಿರುತ್ತವೆ. ಕಚ್ಚಿದಾಗ ಜೊಲ್ಲಿನ ಜೊತೆಯಲ್ಲೇ ಮೈಗೆ ಇಳಿಯುತ್ತವೆ.

ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ವಿಜ್ಞಾನಿಗಳು ಜೊಲ್ಲನ್ನು ಬರೀ ವಾಹನವೆಂದೇ ಎಣಿಸಿದರು. ಬಂಡಿಯಲ್ಲಿ ಕಳ್ಳ ಬಂದನೆಂದರೆ ಎಲ್ಲರ ಕಣ್ಣು ಕಳ್ಳನ ಮೇಲೆ. ಬಂಡಿಯವನೇ ಬಾಗಿಲ ಅಗುಳಿ ತೆಗೆದುಕೊಟ್ಟಿರಬಹುದೆಂಬ ಅನುಮಾನ ಬಂದದ್ದು ತಡವಾಗಿ.

ಮೈ ಕಲಿಯುವ ಪಾಠ

ಮೊದಲು ತುರಿಕೆಯ ವಿಷಯ. 1946ರಲ್ಲಿ ಬ್ರಿಟನ್ನಿನ ಕೀಟವಿಜ್ಞಾನಿ ಕೆನೆತ್ ಮೆಲನ್‌ಬಿ ಸೊಳ್ಳೆ ಕಡಿತಕ್ಕೆ ಮನುಷ್ಯನ ಮೈ ತೋರುವ ಪ್ರತಿಕ್ರಿಯೆಯನ್ನು ಹಂತಹಂತವಾಗಿ ಗುರುತಿಸಿದ. ಒಂದು ಜಾತಿಯ ಸೊಳ್ಳೆ ಮೊಟ್ಟಮೊದಲ ಬಾರಿ ಕಚ್ಚಿದಾಗ ಏನೂ ಆಗುವುದಿಲ್ಲ. ಆ ಜೊಲ್ಲು ಮೈಗೆ ಅಪರಿಚಿತ. ಕೆಲವು ಕಡಿತಗಳಾದ ಮೇಲೆ ಮರುದಿನ ಗಂಟು ಏಳುತ್ತದೆ. ಇನ್ನಷ್ಟು ಕಡಿತಗಳಾದರೆ ಕಚ್ಚಿದ ಕೂಡಲೇ ದದ್ದು, ಮರುದಿನ ಗಂಟು, ಎರಡೂ. ಅದೂ ಮುಂದುವರಿದರೆ ಬರೀ ತಕ್ಷಣದ ದದ್ದು. ವರ್ಷಾನುಗಟ್ಟಲೆ ಕಚ್ಚಿಸಿಕೊಂಡವರಿಗೆ ಕೊನೆಗೆ ಏನೂ ಆಗುವುದಿಲ್ಲ. ಊರಿಗೆ ಬಂದ ನೆಂಟರ ಮಗು ಮೈಯೆಲ್ಲ ದದ್ದು ಮಾಡಿಕೊಂಡು ಅಳುತ್ತಿದ್ದರೆ, ಪಕ್ಕದಲ್ಲೇ ಮಲಗಿದ ಮನೆಯ ಯಜಮಾನ ‘ನನಗೆ ಸೊಳ್ಳೆ ಕಚ್ಚೋದೇ ಇಲ್ಲ’ ಎನ್ನುವುದರ ಹಿಂದಿನ ಗುಟ್ಟು ಇದು. ಅವನಿಗೂ ಕಚ್ಚುತ್ತವೆ. ಅವನ ಮೈ ದೂರು ಕೊಡುವುದನ್ನು ನಿಲ್ಲಿಸಿದೆ, ಅಷ್ಟೆ.

ಅಂದರೆ ನಮ್ಮ ರೋಗನಿರೋಧಕ ವ್ಯವಸ್ಥೆ ಜೊಲ್ಲನ್ನು ಗುರುತಿಸುತ್ತದೆ, ನೆನಪಿಡುತ್ತದೆ, ಅದರೊಡನೆ ವ್ಯವಹರಿಸುವ ರೀತಿಯನ್ನು ಬದಲಿಸುತ್ತ ಹೋಗುತ್ತದೆ. ಲಸಿಕೆ ಎಂಬುದು ಕೂಡ ಮೈಗೆ ನೆನಪು ಕಲಿಸುವ ಉಪಾಯವೇ. ಹಾಗಿದ್ದರೆ ರೋಗಾಣುವಿನ ಬದಲು ಜೊಲ್ಲನ್ನೇ ನೆನಪಿಡುವಂತೆ ಮೈಯನ್ನು ಪಳಗಿಸಬಹುದೇ? ಈ ಪ್ರಶ್ನೆ ಕರ್ನಾಟಕದ ಮಟ್ಟಿಗೆ ದೂರದ ಪ್ರಯೋಗಾಲಯದ ಮಾತಲ್ಲ. ಅದಕ್ಕೆ ಕಾರಣ ಸೊಳ್ಳೆಯಲ್ಲ, ಉಣುಗು.

ಏಕಾಂತದ ರಾಮಯ್ಯನ ಶಾಸನವಿರುವ, ಸರ್ವಜ್ಞನ ಊರೆಂದು ಜನ ಹೇಳುವ ಅಬಲೂರು ಇರುವುದು ಹಿರೇಕೆರೂರು ಸೀಮೆಯಲ್ಲಿ. ಬಯಲು ಮುಗಿದು ಮಲೆನಾಡು ತೊಡಗುವ ಅರೆಮಲೆನಾಡು ಇದು. ಇಲ್ಲಿಯ ದನದ ಕೊಟ್ಟಿಗೆಗಳಲ್ಲಿ ಉಣ್ಣಿ ಎಂದು ಕರೆಸಿಕೊಳ್ಳುವ ಜೀವಿಯೇ ಮಲೆನಾಡಿನ ಉಣುಗು. ದನದ ಕಿವಿಯ ಸಂದಿ, ಗಂಗೆದೊಗಲು, ಕೆಚ್ಚಲಿನ ಬುಡದಲ್ಲಿ ಕಾಳಿನಂತೆ ಅಂಟಿಕೊಂಡಿರುವ ಇದನ್ನು ಕಿತ್ತು ತೆಗೆಯುವುದು ರೈತರ ಮನೆಯಲ್ಲಿ ನಿತ್ಯದ ಕೆಲಸ. ಕೆಚ್ಚಲಲ್ಲೇ ಇದ್ದರೂ ಹಾಲಿನ ರುಚಿ ಅರಿಯದೆ ರಕ್ತವನ್ನಷ್ಟೇ ಬಲ್ಲ ಉಣ್ಣೆಯನ್ನು ನಮ್ಮ ಹಳೆಯ ನೀತಿಕವಿಗಳು ಮೂಢರಿಗೆ ಉಪಮೆಯಾಗಿ ಬಳಸಿದ್ದಾರೆ. ವಿಜ್ಞಾನದ ಕಣ್ಣಿನಿಂದ ನೋಡಿದರೆ ಉಣ್ಣೆ ಅಷ್ಟೇನೂ ಮೂಢ ಜೀವಿಯಲ್ಲ.

ಉಣುಗು ಕೀಟವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬೆಳೆದ ಉಣುಗಿಗೆ ಎಂಟು ಕಾಲು. ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ಸೊಳ್ಳೆ ನಿಮಿಷದೊಳಗೆ ಹೀರಿ ಹಾರಿಹೋಗುತ್ತದೆ. ಉಣುಗು ಕಚ್ಚಿದರೆ ದಿನಗಟ್ಟಲೆ ಬಿಡುವುದಿಲ್ಲ. ಮುಳ್ಳುಗಳಿರುವ ಬಾಯಿಯನ್ನು ಚರ್ಮದೊಳಗೆ ಇಳಿಸುತ್ತದೆ. ಎಷ್ಟೋ ಜಾತಿಗಳು ಅದರ ಸುತ್ತ ಗಾರೆಯಂಥ ಅಂಟನ್ನು ಸುರಿಸಿ ಗಟ್ಟಿಯಾಗಿ ಕೂರುತ್ತವೆ. ಚರ್ಮದಡಿಯಲ್ಲಿ ರಕ್ತದ ಸಣ್ಣ ಗುಂಡಿ ಮಾಡಿಕೊಂಡು ಅಲ್ಲಿಂದ ಹೀರುತ್ತವೆ. ಹೀರಿದ ರಕ್ತದಲ್ಲಿನ ಹೆಚ್ಚಿನ ನೀರನ್ನು ಜೊಲ್ಲಿನ ಮೂಲಕ ಮತ್ತೆ ದನದ ಮೈಗೇ ಬಿಡುತ್ತವೆ. ಹೀಗೆ ಹೀರುವುದು, ಉಗುಳುವುದು, ಮತ್ತೆ ಹೀರುವುದು ದಿನವಿಡೀ ನಡೆಯುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಮೊದಲಿನ ತೂಕದ ನೂರು ಪಟ್ಟು ಆಗಬಲ್ಲದು.

ಇಷ್ಟು ದಿನ ಒಂದೇ ಕಡೆ ಕುಳಿತು ಉಣ್ಣಬೇಕಾದರೆ ಮನೆಯವರಿಗೆ ಎಚ್ಚರವಾಗಬಾರದು. ಆ ಕೆಲಸವನ್ನು ಜೊಲ್ಲು ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥಗಳು ಅದರಲ್ಲಿವೆ. ರಕ್ತನಾಳ ಹಿಗ್ಗಿಸುವಂಥವಿವೆ. ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನುಗಳಿವೆ. ಬಿಳಿ ರಕ್ತಕಣಗಳನ್ನು ‘ಇಲ್ಲಿ ಬನ್ನಿ’ ಎಂದು ಕರೆಯುವ ಸಂದೇಶಗಳನ್ನು ದಾರಿಯಲ್ಲೇ ಹಿಡಿದು ಹಾಕುವಂಥವೂ ಇವೆ. ಉಣುಗು ಕಚ್ಚಿದ್ದು ಎಷ್ಟೋ ಮಂದಿಗೆ ತಿಳಿಯುವುದೇ ಇಲ್ಲ. ಸ್ನಾನ ಮಾಡುವಾಗ ಕೈಗೆ ಸಿಕ್ಕಾಗಲೇ ಗೊತ್ತಾಗುವುದು. ಕಾವಲುಗಾರರನ್ನು ಮಲಗಿಸಿದ ಈ ಮನೆಗೆ ಉಣುಗಿನ ಜೊತೆ ಇನ್ನೊಬ್ಬ ಅತಿಥಿಯೂ ಸುಲಭವಾಗಿ ನುಗ್ಗಬಹುದು.

ಕ್ಯಾಸನೂರಿನ ಕಾಡು

ಹಾನಗಲ್ ತಾಲೂಕಿಗೆ ಅಂಟಿಕೊಂಡೇ ಇರುವ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಕಾಡು ಇದೆ. 1957ರ ಬೇಸಿಗೆಯ ಹೊತ್ತಿಗೆ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕೆಂಪು ಮೋರೆಯ ಮಂಗಗಳೂ ಸತ್ತವು, ಕಪ್ಪು ಮೋರೆಯ ಮುಸಿಯಗಳೂ ಸತ್ತವು. ಸುತ್ತಲ ಹಳ್ಳಿಗಳಲ್ಲಿ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋದ ಜನ ಇದ್ದಕ್ಕಿದ್ದಂತೆ ಜ್ವರದಿಂದ ಮಲಗಿದರು. ತಡೆಯಲಾರದ ತಲೆನೋವು, ಸೊಂಟ ಕಾಲುಗಳ ನೋವು, ಕೆಲವರಿಗೆ ಮೂಗು ಬಾಯಿಗಳಿಂದ ರಕ್ತ. ಪುಣೆಯ ವೈರಾಣು ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ್ದ ಸಂಸ್ಥೆ ಅದು.

ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುತ್ತಿದ್ದಾರೆಂದರೆ ಆ ಕಾಲದ ತಜ್ಞರ ಮನಸ್ಸಿಗೆ ಮೊದಲು ಬಂದ ಹೆಸರು ಹಳದಿ ಜ್ವರ. ಆಫ್ರಿಕ, ದಕ್ಷಿಣ ಅಮೆರಿಕಗಳಲ್ಲಿರುವ ಆ ರೋಗ ಏಷ್ಯಕ್ಕೆ ಕಾಲಿಟ್ಟಿರಲಿಲ್ಲ. ಇಟ್ಟಿದ್ದರೆ ಅನಾಹುತವಾಗುತ್ತಿತ್ತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರ ತಂಡ ಕಾಡಿನ ಸ್ಥಳ ನೋಡಿತು. ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಾಣುವನ್ನು ಬೇರ್ಪಡಿಸಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳುಜ್ವರದ ವೈರಾಣುವಿಗೆ ಹತ್ತಿರದ ನೆಂಟ. ಸೈಬೀರಿಯದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೇ ಎಂಬ ಊಹೆಯೂ ಎದ್ದಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಡೆಸಿದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಬರಲು ಈ ಊಹೆಯೇ ಕಾರಣವಾಯಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ, ಹಕ್ಕಿಗಳ ವಲಸೆಯ ಬಗ್ಗೆ ಮಾತ್ರ ಬಹಳಷ್ಟು ತಿಳಿಯಿತು. ಕಾಡಿನ ಹೆಸರಿನಿಂದಲೇ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಜಗತ್ತಿಗೆ ಪರಿಚಯವಾದ ಇದನ್ನು ಮಲೆನಾಡಿನ ಜನ ಮಂಗನ ಕಾಯಿಲೆ ಎನ್ನುತ್ತಾರೆ.

ಮಂಗನ ಹೆಸರಿದ್ದರೂ ಅಪರಾಧಿ ಮಂಗನಲ್ಲ. ಅದೂ ಮನುಷ್ಯನಂತೆ ಬಲಿಪಶು. ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿದ ಜಾಗ ಅಪಾಯಕಾರಿಯಾಗುತ್ತದೆ, ನಿಜ. ಆದರೆ ಕಾಡಂಚಿನಲ್ಲಿ ಉಣುಗು ಅಷ್ಟೊಂದು ಹೆಚ್ಚಿದ್ದು ಏಕೆ? ಸಾಗರದ ಕ್ಷೇತ್ರ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಕೊಲಂಬಿಯದ ವಿಜ್ಞಾನಿ ಹೋರ್ಹೆ ಬಾಶೆಲ್, ಪಿ.ಕೆ. ರಾಜಗೋಪಾಲನ್ ಮುಂತಾದವರು ಇದಕ್ಕೆ ಉತ್ತರ ಹುಡುಕಿದರು. ಕಾಡು ಕಡಿದು ಗದ್ದೆ ಮಾಡಿದಂತೆ, ಊರು ಬೆಳೆದಂತೆ, ದನಗಳು ಕಾಡಂಚಿಗೆ ನುಗ್ಗಿದವು. ಕಡಿದ ಜಾಗದಲ್ಲಿ ಲಂಟಾನದ ಪೊದೆ ಹಬ್ಬಿತು. ಈ ರೋಗ ಹರಡುವ ಉಣುಗಿನ ಬೆಳೆದ ಹೆಣ್ಣುಗಳಿಗೆ ದೊಡ್ಡ ಪ್ರಾಣಿಯ ರಕ್ತ ಬೇಕು. ಕಾಡಿನಲ್ಲಿ ವಿರಳವಾಗಿದ್ದ ಆ ಊಟ ದನಗಳ ರೂಪದಲ್ಲಿ ಕಾಲ ಬುಡಕ್ಕೇ ಬಂತು. ದನಕ್ಕೆ ಕಾಯಿಲೆ ಬರುವುದಿಲ್ಲ, ಅದರ ರಕ್ತದಲ್ಲಿ ವೈರಾಣು ಹೇಳಿಕೊಳ್ಳುವಷ್ಟು ಬೆಳೆಯುವುದೂ ಇಲ್ಲ. ಅದು ಉಣುಗನ್ನು ಸಾಕುತ್ತದೆ. ಒಂದು ಹೆಣ್ಣು ಇಟ್ಟ ಸಾವಿರಾರು ಮೊಟ್ಟೆಗಳು ಮಳೆಗಾಲ ಕಳೆದ ಮೇಲೆ ಒಡೆದು, ಚಳಿಗಾಲದ ಹೊತ್ತಿಗೆ ತರಗೆಲೆಯ ಮೇಲೆ ಸಾಸಿವೆಯಷ್ಟು ಗಾತ್ರದ ಮರಿಗಳು ಕಾದು ಕೂರುತ್ತವೆ. ಕೊಟ್ಟಿಗೆಗೆ ದರಗು ಗುಡಿಸಲು ಹೋದ ಹೆಂಗಸರ ಕೈಕಾಲಿಗೆ ಹತ್ತುವುದು ಈ ಮರಿಗಳೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲ.

ಕಾಯಿಲೆ ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಸೊರಬದಲ್ಲಿ ಕಂಡ ರೋಗ 1980ರ ದಶಕದ ಮೊದಲಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿತು. 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿತು. 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಹುಟ್ಟಿಸಿದ ಭಯವನ್ನು ಮಲೆನಾಡು ಇನ್ನೂ ಮರೆತಿಲ್ಲ. ಇದಕ್ಕೆಂದೇ ಇರುವ ಔಷಧಿ ಇಲ್ಲ. ರೋಗಿಯ ಮೈಯನ್ನು ಆಸರೆ ಕೊಟ್ಟು ನಿಲ್ಲಿಸುವುದೊಂದೇ ಚಿಕಿತ್ಸೆ.

ಲಸಿಕೆಯ ಕಥೆ ಶುರುವಾದದ್ದು ಬಹಳ ಹಿಂದೆ. ವೈರಾಣು ರಷ್ಯದ ಮೆದುಳುಜ್ವರದ ನೆಂಟನಾದ್ದರಿಂದ ಆ ರೋಗದ ಲಸಿಕೆಯೇ ಸಾಕಾಗಬಹುದೆಂದು 1950ರ ದಶಕದ ಕೊನೆಯಲ್ಲಿ ಶಿವಮೊಗ್ಗದ ಹಳ್ಳಿಗಳಲ್ಲಿ ಅದನ್ನೇ ಹಾಕಿ ನೋಡಲಾಯಿತು. ಉಪಯೋಗವಾಗಲಿಲ್ಲ. ಬಳಿಕ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಾಣುವನ್ನೇ ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಲಸಿಕೆ ಮಾಡಲಾಯಿತು. 1990ರಿಂದ 1992ರವರೆಗೆ ಮಲೆನಾಡು, ಕರಾವಳಿಗಳಲ್ಲಿ ನಡೆದ ಪರೀಕ್ಷೆಯಲ್ಲಿ ಒಂದು ಡೋಸಿಗೆ ನೂರಕ್ಕೆ 79, ಎರಡು ಡೋಸಿಗೆ ನೂರಕ್ಕೆ 93ರಷ್ಟು ರಕ್ಷಣೆ ಸಿಗುವುದೆಂದು ವರದಿಯಾಯಿತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗಿ ಅದು ಪ್ರತಿವರ್ಷ ಹಳ್ಳಿಗಳಿಗೆ ಹೋಯಿತು. ದನಕರುಗಳ ಲಸಿಕೆ ಮಾಡುವ ಸಂಸ್ಥೆಯೇ ಮನುಷ್ಯರದನ್ನೂ ಮಾಡಿದ್ದು ವಿಚಿತ್ರವೆನಿಸಿದರೂ ನಿಜ.

ಹಳ್ಳಿಯಲ್ಲಿ ಕಂಡದ್ದು ಬೇರೆ ಲೆಕ್ಕ. 2005ರಿಂದ 2010ರವರೆಗಿನ ದಾಖಲೆಗಳನ್ನು ಅಭ್ಯಾಸ ಮಾಡಿ 2013ರಲ್ಲಿ ಪ್ರಕಟವಾದ ವರದಿಯಂತೆ ಎರಡು ಡೋಸಿನ ರಕ್ಷಣೆ ನೂರಕ್ಕೆ 62 ಮಾತ್ರ. ಬೂಸ್ಟರ್ ಹಾಕಿಸಿಕೊಂಡರೆ 83. ಒಂದು ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳಿಗೆ ಬೂಸ್ಟರ್, ಮುಂದೆ ವರ್ಷವರ್ಷವೂ ಒಂದೊಂದು. ಚುಚ್ಚಿದ ಜಾಗ ನೋಯುತ್ತದೆಂಬ ದೂರು ಬೇರೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ತೋಳು ನೋಯಿಸಿಕೊಳ್ಳಲು ಬಾರದವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ, ನ್ಯಾಯವಲ್ಲ. 2022ರ ವೇಳೆಗೆ ಲಸಿಕೆಯ ಶಕ್ತಿಯೇ ಸಾಲದೆಂದು ಕಂಡುಬಂದು ಅದನ್ನು ನಿಲ್ಲಿಸಲಾಯಿತು.

ಉದುರಿಹೋದ ಉಣುಗುಗಳು

ಕೊಂದ ವೈರಾಣುವಿನ ಲಸಿಕೆ ಮೈಗೆ ವೈರಾಣುವಿನ ಮುಖವನ್ನು ಪರಿಚಯಿಸುತ್ತದೆ. ಅದನ್ನು ಹೊತ್ತು ತರುವ ಜೊಲ್ಲಿನ ಬಗ್ಗೆ ಏನೂ ಹೇಳುವುದಿಲ್ಲ. ಜೊಲ್ಲಿನ ಕಡೆಗೆ ಗಮನ ಹರಿದ ಕಥೆ 1939ರದು. ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ವಿಲಿಯಂ ಟ್ರೇಗರ್ ಗಿನಿಯಿಲಿಗಳ ಮೈಮೇಲೆ ಉಣುಗಿನ ಮರಿಗಳನ್ನು ಬಿಟ್ಟ. ಮೊದಲ ಸಲ ಅವು ಹೊಟ್ಟೆ ತುಂಬ ಉಂಡವು. ಅದೇ ಇಲಿಗಳ ಮೇಲೆ ಎರಡನೆಯ ಸಲ ಬಿಟ್ಟಾಗ ಬಹುಪಾಲು ಮರಿಗಳು ಸರಿಯಾಗಿ ಉಣ್ಣಲಾರದೆ ಹೋದವು. ಇಲಿಯ ಮೈ ಪಾಠ ಕಲಿತಿತ್ತು. ಕಚ್ಚಿದ ಕೂಡಲೇ ಆ ಜಾಗಕ್ಕೆ ಬಿಳಿ ರಕ್ತಕಣಗಳ ಒಂದು ಜಾತಿ ಧಾವಿಸಿ ಬಂದು ಹಿಸ್ಟಮಿನ್ ಸುರಿಸುತ್ತದೆ, ಚರ್ಮ ಉಬ್ಬುತ್ತದೆ, ತುರಿಸುತ್ತದೆ, ಉಣುಗಿಗೆ ಊಟ ದಕ್ಕುವುದಿಲ್ಲ ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು. ಇದೇ ಟ್ರೇಗರ್ 1976ರಲ್ಲಿ ಜೇಮ್ಸ್ ಜೆನ್ಸನ್ ಜೊತೆ ಮಲೇರಿಯಾದ ಪರೋಪಜೀವಿಯನ್ನು ಗಾಜಿನ ತಟ್ಟೆಯಲ್ಲಿ ನಿರಂತರವಾಗಿ ಬೆಳೆಸುವ ದಾರಿ ಕಂಡುಹಿಡಿದ. ಮಲೇರಿಯಾ ಸಂಶೋಧನೆ ಮುಂದುವರಿದದ್ದು ಆ ದಾರಿಯಲ್ಲೇ.

ಒಂದು ತೊಡಕಿದೆ. ಉಣುಗಿಗೆ ಹಳೆಯ ಪರಿಚಯವಿರುವ ಕಾಡಿಲಿಗಳ ಮೈ ಈ ಪಾಠವನ್ನು ಅಷ್ಟು ಸುಲಭವಾಗಿ ಕಲಿಯುವುದಿಲ್ಲ. ಲಕ್ಷಾಂತರ ವರ್ಷ ಒಟ್ಟಿಗೆ ಬಾಳಿ ಉಣುಗು ಅವುಗಳ ಕಣ್ಣು ಕಟ್ಟುವುದನ್ನು ಕಲಿತಿದೆ. ಗಿನಿಯಿಲಿ ಅದಕ್ಕೆ ಹೊಸಬ, ಆದ್ದರಿಂದಲೇ ಸಿಕ್ಕಿಬಿದ್ದಿತು.

ದನಗಳ ವಿಷಯದಲ್ಲಿ ಇನ್ನೂ ಸ್ವಾರಸ್ಯವಿದೆ. ಹಿಣಿಲಿರುವ ನಮ್ಮ ದೇಸಿ ತಳಿಗಳ ಮೈಮೇಲೆ ಉಣ್ಣೆ ನಿಲ್ಲುವುದು ಕಡಿಮೆ. ಯುರೋಪಿನ ತಳಿಗಳ ಮೇಲೆ ಗೊಂಚಲುಗಟ್ಟುತ್ತದೆ. ಇದನ್ನು ಗಮನಿಸಿಯೇ ಆಸ್ಟ್ರೇಲಿಯದವರು ತಮ್ಮ ಹಿಂಡುಗಳಿಗೆ ಹಿಣಿಲಿನ ದನಗಳ ರಕ್ತ ಬೆರೆಸಿದರು. ಅದು ಸಾಲದೆಂದು ಲಸಿಕೆಗೂ ಕೈಹಾಕಿದರು. ಅವರು ಆರಿಸಿಕೊಂಡದ್ದು ಜೊಲ್ಲಿನ ಪ್ರೋಟೀನನ್ನಲ್ಲ, ಉಣ್ಣೆಯ ಕರುಳಿನ ಗೋಡೆಯ ಪ್ರೋಟೀನನ್ನು. ದನದ ಮೈ ಎಂದೂ ಕಾಣದ ಪ್ರೋಟೀನದು. ಹಾಗಾಗಿ ಅದನ್ನು ಮರೆಮಾಚುವ ಉಪಾಯವನ್ನು ಉಣ್ಣೆ ಕಲಿತೇ ಇಲ್ಲ. ಲಸಿಕೆ ಹಾಕಿದ ದನದ ರಕ್ತದಲ್ಲಿನ ಪ್ರತಿಕಾಯಗಳನ್ನು ಉಣ್ಣೆ ತಾನೇ ಕುಡಿಯುತ್ತದೆ, ಅವು ಅದರ ಕರುಳನ್ನು ಕೆಡಿಸುತ್ತವೆ. 1990ರ ದಶಕದ ನಡುವೆ ಆಸ್ಟ್ರೇಲಿಯ ಮತ್ತು ಕ್ಯೂಬಗಳಲ್ಲಿ ಈ ಲಸಿಕೆಗಳು ಮಾರುಕಟ್ಟೆಗೆ ಬಂದವು. ಇವು ಒಂದು ಜಾತಿಯ ದನದ ಉಣ್ಣೆಗೆ ಮಾಡಿದಂಥವು. ಕ್ಯಾಸನೂರಿನ ಉಣುಗು ಬೇರೆ ಜಾತಿ.

ನಮ್ಮಲ್ಲಿ ಹಾಲಿಗಾಗಿ ಮಿಶ್ರತಳಿ ಹಸುಗಳು ಬಂದಂತೆ ಥೈಲೇರಿಯ ಎಂಬ ಕಾಯಿಲೆಯೂ ದೊಡ್ಡ ಸುದ್ದಿಯಾಯಿತು. ಇದು ಅಪ್ಪಟ ಪರೋಪಜೀವಿಯ ರೋಗ. ಉಣ್ಣೆಯ ಜೊಲ್ಲುಗ್ರಂಥಿಯಲ್ಲಿರುವ ಪರೋಪಜೀವಿ ಹಸುವಿನ ಬಿಳಿ ರಕ್ತಕಣದೊಳಗೆ ಹೊಕ್ಕು, ಆ ಕಣವೇ ಕ್ಯಾನ್ಸರಿನಂತೆ ಅಂಕೆಯಿಲ್ಲದೆ ಮರಿಮಾಡುವಂತೆ ಮಾಡುತ್ತದೆ. ಕಾವಲುಗಾರನ ವೇಷದಲ್ಲೇ ಕಳ್ಳ. ಜ್ವರ, ಊದಿದ ಗಂಟುಗಳು, ರಕ್ತಹೀನತೆ, ಕೊನೆಗೆ ಸಾವು. ದೇಸಿ ದನಗಳು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಸಾಲ ಮಾಡಿ ತಂದ ಮಿಶ್ರತಳಿಯ ಹಸು ಸಾಯುತ್ತದೆ. ಇದಕ್ಕೆ ಭಾರತದಲ್ಲೇ ಲಸಿಕೆ ತಯಾರಾಯಿತು. ಪರೋಪಜೀವಿ ಹೊಕ್ಕ ಬಿಳಿಕಣಗಳನ್ನೇ ಪ್ರಯೋಗಾಲಯದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ, ಪರೋಪಜೀವಿಯ ಕೆಚ್ಚು ಇಳಿಸಿ, ಜೀವಂತವಾಗಿಯೇ ಹಸುವಿಗೆ ಚುಚ್ಚುವ ವಿಧಾನ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆ ಇದನ್ನು ರಕ್ಷಾವ್ಯಾಕ್-ಟಿ ಎಂಬ ಹೆಸರಿನಲ್ಲಿ ತಯಾರಿಸಿತು. ಜೀವಂತ ಲಸಿಕೆಯಾದ್ದರಿಂದ ಕೃತಕ ಗರ್ಭಧಾರಣೆಯ ಕಡ್ಡಿಗಳಂತೆ ಇದನ್ನೂ ದ್ರವ ಸಾರಜನಕದ ಡಬ್ಬಿಯಲ್ಲೇ ಇಡಬೇಕು. ಹಳ್ಳಿಯ ಹಟ್ಟಿಯವರೆಗೆ ಅದನ್ನು ಕೆಡದಂತೆ ಮುಟ್ಟಿಸುವುದೇ ದೊಡ್ಡ ಕೆಲಸ.

ಪರೋಪಜೀವಿಗಳ ಲಸಿಕೆಗಳು ಏಕೆ ಇಷ್ಟು ಅಪರೂಪ ಎಂಬುದಕ್ಕೆ ಇದೇ ಸೂಚನೆ ಕೊಡುತ್ತದೆ. ವೈರಾಣು ಸಣ್ಣ ಜೀವಿ. ಅದರ ಮೇಲಿರುವ ಪ್ರೋಟೀನುಗಳು ಬೆರಳೆಣಿಕೆಯವು. ಪರೋಪಜೀವಿಯ ಬಳಿ ಸಾವಿರಾರು ಪ್ರೋಟೀನು. ಉಣ್ಣೆಯಲ್ಲೊಂದು ರೂಪ, ರಕ್ತದಲ್ಲೊಂದು ರೂಪ. ಬಹುರೂಪಿ ವೇಷಗಾರನನ್ನು ಚಿತ್ರ ತೋರಿಸಿ ಹಿಡಿಯಹೊರಟಂತೆ. ಮಲೇರಿಯಾದ ಮಟ್ಟಿಗೆ ದಾರಿ ತೆರೆದದ್ದು 1967ರಲ್ಲಿ. ನ್ಯೂಯಾರ್ಕಿನ ರೂತ್ ನುಸೆನ್ಸ್‌ವೈಗ್ ಮತ್ತು ಸಂಗಡಿಗರು ಸೊಳ್ಳೆಯ ಜೊಲ್ಲುಗ್ರಂಥಿಯಿಂದ ತೆಗೆದ ಪರೋಪಜೀವಿಗಳಿಗೆ ಕ್ಷಕಿರಣ ಹಾಯಿಸಿ ನಿಶ್ಶಕ್ತಗೊಳಿಸಿ ಇಲಿಗಳಿಗೆ ಚುಚ್ಚಿದಾಗ ಅವಕ್ಕೆ ರಕ್ಷಣೆ ಸಿಕ್ಕಿತು. ಪರೋಪಜೀವಿ ಸೊಳ್ಳೆಯ ಜೊಲ್ಲಿನಿಂದ ಇಳಿಯುವಾಗ ತೊಟ್ಟಿರುವ ವೇಷದ ಹೊದಿಕೆಯ ಪ್ರೋಟೀನನ್ನೇ ಹಿಡಿದು ಮಾಡಿದ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕದ ಮಕ್ಕಳಿಗೆ ಶಿಫಾರಸು ಮಾಡಿದ್ದು 2021ರ ಅಕ್ಟೋಬರಿನಲ್ಲಿ. ನಡುವೆ ಐವತ್ತನಾಲ್ಕು ವರ್ಷ. 2023ರಲ್ಲಿ ಶಿಫಾರಸಾದ ಎರಡನೆಯ ಲಸಿಕೆಯನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿತು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುತ್ತಿದೆ.

ಜೊಲ್ಲು ಬಾಗಿಲು ತೆಗೆಯುತ್ತದೆ ಎಂಬುದಕ್ಕೆ ನೇರ ಸಾಕ್ಷಿ ಸಿಕ್ಕಿದ್ದು 1980ರ ದಶಕದಲ್ಲಿ. ಬಿಹಾರದಲ್ಲಿ ಕಾಲಾ ಆಜಾರ್ ಹರಡುವ ಮರಳುನೊಣದ ಬಳಗದ ಇನ್ನೊಂದು ನೊಣದ ಜೊಲ್ಲನ್ನು ಪರೋಪಜೀವಿಗಳ ಜೊತೆ ಬೆರೆಸಿ ಇಲಿಗಳಿಗೆ ಚುಚ್ಚಿದಾಗ ಹುಣ್ಣು ಬಹುಪಾಲು ಹೆಚ್ಚು ಬೆಳೆಯಿತೆಂದು ರಿಚರ್ಡ್ ಟೈಟಸ್ ಮತ್ತು ಹೋಸೆ ರಿಬೈರೊ 1988ರಲ್ಲಿ ವರದಿ ಮಾಡಿದರು. ಅದೇ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಪೆಟ್ರೀಷಿಯ ನಟಾಲ್ ಅವರ ತಂಡ ಉಣುಗಿನ ಜೊಲ್ಲು ಬೆರೆತಾಗ ವೈರಾಣು ಒಂದು ಉಣುಗಿನಿಂದ ಇನ್ನೊಂದಕ್ಕೆ ಹೆಚ್ಚು ಸುಲಭವಾಗಿ ದಾಟುವುದನ್ನು ತೋರಿಸಿತು. ಕ್ಯಾಸನೂರಿನ ವೈರಾಣುವಿನ ನೆಂಟನಾದ ಯುರೋಪಿನ ಮೆದುಳುಜ್ವರದ ವೈರಾಣುವಂತೂ ಪ್ರಾಣಿಯ ರಕ್ತದಲ್ಲಿ ಬೆಳೆಯದೆಯೇ, ಅಕ್ಕಪಕ್ಕ ಕುಳಿತು ಉಣ್ಣುವ ಉಣುಗುಗಳ ನಡುವೆ ಹಾದುಹೋಗಬಲ್ಲದು.

ಇದರ ಇನ್ನೊಂದು ಮುಖವೂ ಕಂಡಿತು. ಸೋಂಕಿಲ್ಲದ ಮರಳುನೊಣಗಳಿಂದ ಮೊದಲೇ ಕಚ್ಚಿಸಿಕೊಂಡ ಇಲಿಗಳಿಗೆ ಆಮೇಲೆ ಸೋಂಕಿತ ನೊಣ ಕಚ್ಚಿದರೆ ರೋಗ ಅಷ್ಟಾಗಿ ಬಲಿಯಲಿಲ್ಲವೆಂದು 2000ದಲ್ಲಿ ಶಾಡೆನ್ ಕಮ್ಹಾವಿ ಮತ್ತು ಸಂಗಡಿಗರು ತೋರಿಸಿದರು. ಮನುಷ್ಯರಲ್ಲೂ ಇದರ ನೆರಳು ಕಾಣುತ್ತದೆ. ಉಣುಗಿನಿಂದ ಲೈಮ್ ಎಂಬ ಕಾಯಿಲೆ ಹರಡುವ ಅಮೆರಿಕದ ಪ್ರದೇಶದಲ್ಲಿ, ಉಣುಗು ಕಚ್ಚಿದಾಗ ಮತ್ತೆ ಮತ್ತೆ ತುರಿಕೆ ಬಂದವರಿಗೆ ಆ ಕಾಯಿಲೆ ಕಡಿಮೆ ಬಂದಿತ್ತೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ತುರಿಸಿದರೆ ಕೈ ಹೋಗುತ್ತದೆ. ಕೈ ಹೋದರೆ ಉಣುಗು ಸಿಗುತ್ತದೆ. ಇಷ್ಟು ಸರಳವಾದ ಕಾರಣವೂ ಅದರಲ್ಲಿರಬಹುದು.

2021ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎರೋಲ್ ಫಿಕ್ರಿಗ್ ಅವರ ತಂಡ ಟ್ರೇಗರನ ಗಿನಿಯಿಲಿಗಳಿಗೇ ಮರಳಿತು. ಉಣುಗಿನ ಜೊಲ್ಲಿನ 19 ಪ್ರೋಟೀನುಗಳ ಸೂತ್ರವನ್ನು, ಕೊರೊನಾ ಕಾಲದಲ್ಲಿ ಮನೆಮಾತಾದ ಎಂಆರ್‌ಎನ್‌ಎ ವಿಧಾನದಲ್ಲಿ ಚುಚ್ಚಿತು. ಉಣುಗು ಕಚ್ಚಿದ ಜಾಗ ಕೆಂಪಾಯಿತು, ಉಣುಗುಗಳು ಹೊಟ್ಟೆ ತುಂಬುವ ಮುನ್ನವೇ ಉದುರಿದವು, ಲೈಮ್ ಸೋಂಕು ತಗುಲಲಿಲ್ಲ. ಸೊಳ್ಳೆಯ ಜೊಲ್ಲಿನ ಲಸಿಕೆಯೊಂದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 49 ಸ್ವಯಂಸೇವಕರ ಮೇಲೆ ಪರೀಕ್ಷಿಸಿದ ಫಲಿತಾಂಶವೂ 2020ರಲ್ಲಿ ಪ್ರಕಟವಾಗಿದೆ. ಅದು ಸುರಕ್ಷಿತವೇ ಎಂದು ನೋಡುವ ಮೊದಲ ಹಂತ ಮಾತ್ರ.

ಹಾಗೆಂದು ಮಲೆನಾಡಿಗೆ ನಾಳೆಯೇ ಉಣುಗಿನ ಜೊಲ್ಲಿನ ಲಸಿಕೆ ಬರುತ್ತದೆಂದು ನಂಬಿಸುವುದು ಸರಿಯಲ್ಲ. ಲೈಮ್ ಕಾಯಿಲೆಯ ರೋಗಾಣು ಉಣುಗಿನಿಂದ ಮನುಷ್ಯನಿಗೆ ಇಳಿಯಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಉಣುಗು ಉದುರಿದರೆ ಆಯಿತು. ವೈರಾಣುವಿಗೆ ಅಷ್ಟು ಹೊತ್ತು ಬೇಕಿಲ್ಲ. ಕ್ಯಾಸನೂರಿನದೇ ಬಳಗದ ಒಂದು ವೈರಾಣು ಕಾಲು ಗಂಟೆಯಲ್ಲೇ ಇಳಿಯಬಲ್ಲದೆಂದು ಇಲಿಗಳ ಪ್ರಯೋಗದಲ್ಲಿ ಕಂಡಿದೆ. ಜೊಲ್ಲಿಗೆ ಮೈ ಕೆರಳುವುದು ಯಾವಾಗಲೂ ಒಳ್ಳೆಯದೂ ಅಲ್ಲ. ಅಮೆರಿಕದ ಒಂದು ಜಾತಿಯ ಉಣುಗು ಕಚ್ಚಿದ ಕೆಲವರಿಗೆ ದನ, ಕುರಿ, ಹಂದಿಗಳ ಮಾಂಸವೇ ಒಗ್ಗದ ಅಲರ್ಜಿ ಹತ್ತಿಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಒಂದು ಸಕ್ಕರೆ ಮಾಂಸದಲ್ಲೂ ಇರುವುದೇ ಕಾರಣ. ಇನ್ನು ಮಂಗನ ಕಾಯಿಲೆ ಕೆಲವು ಜಿಲ್ಲೆಗಳ, ಕೂಲಿ ಮಾಡುವ, ಕಾಡಂಚಿನ ಜನರ ರೋಗ. ಲೈಮ್ ಕಾಯಿಲೆಗೆ ಹರಿದಷ್ಟು ಹಣ ಇದಕ್ಕೆ ಎಂದೂ ಹರಿದಿಲ್ಲ.

ಸದ್ಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಥೈಲೇರಿಯ ಲಸಿಕೆ ಮಾಡಿದ ಅದೇ ಹೈದರಾಬಾದಿನ ಸಂಸ್ಥೆಯೊಡನೆ ಸೇರಿ ಮಂಗನ ಕಾಯಿಲೆಗೆ ಹೊಸ ಲಸಿಕೆಯನ್ನು ರೂಪಿಸುವ ಕೆಲಸ ಕೈಗೆತ್ತಿಕೊಂಡಿದೆ. ಅದೂ ವೈರಾಣುವನ್ನು ಗುರಿಯಾಗಿಟ್ಟುಕೊಂಡದ್ದೇ. ಅದು ಹಳ್ಳಿಗೆ ತಲುಪುವವರೆಗೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಬೇಕು. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯ ಸೈನಿಕರಿಗಾಗಿ ಕಂಡುಹಿಡಿದ ಈ ಎಣ್ಣೆಯ ವಾಸನೆಗೆ ಉಣುಗು ಹತ್ತುವುದಿಲ್ಲ. ಕೆಲವು ಗಂಟೆ ಕಳೆದರೆ ಮತ್ತೆ ಹಚ್ಚಬೇಕು. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಮೈ ತೊಳೆದು, ಬಟ್ಟೆಯನ್ನು ಕುದಿನೀರಿಗೆ ಹಾಕಬೇಕು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರದ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಅವರು ಬಂದು ಸುತ್ತಲ 50 ಮೀಟರು ಜಾಗಕ್ಕೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಕೊಟ್ಟಿಗೆಗೆ ದರಗು ತರುವುದನ್ನು ಬೇಸಿಗೆಯಲ್ಲಿ ಬಿಡಿ ಎಂದು ಇಲಾಖೆ ಹೇಳುತ್ತದೆ. ಗೊಬ್ಬರಕ್ಕೆ ಬೇರೆ ದಾರಿಯಿಲ್ಲದ ಮನೆಗಳಲ್ಲಿ ಅದನ್ನು ತರುತ್ತಲೇ ಇದ್ದಾರೆ.